ಬಾಳೆಹಣ್ಣಿನ ವಾಸನೆಯ ಬಿ ಗ್ರೇಡು

ಒಂದು ನಿಮಿಷ ಇರಿ, ಇದನ್ನು ಕೇಳಿಸಿಕೊಂಡೇ ಹೋಗಿ. ಮಿನೆಸೋಟಾದ ಮೆಡಿಕಲ್ ಕಾಲೇಜೊಂದಕ್ಕೆ ಸಂದರ್ಶನಕ್ಕೆಂದು ಬಂದ ಕೊರಿನ್‌ಗೆ ಡಾಕ್ಟರ್ ಹಾಲ್ವರ್ಸನ್ ಕೇಳಿದ ಮೊದಲ ಪ್ರಶ್ನೆಯೇ ಇದು:

"ಡಿಗ್ರಿ ಉದ್ದಕ್ಕೂ ಎ ಗ್ರೇಡು. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಮಾತ್ರ ಬಿ. ಏನಾಯ್ತಮ್ಮಾ?"

ಕೊರಿನ್‌ಳ ಮೂಗಿಗೆ ಆ ಕ್ಷಣವೇ ಬಾಳೆಹಣ್ಣಿನ ವಾಸನೆ ಬಡಿಯಿತು. ಡಿಗ್ರಿಯಲ್ಲಿದ್ದಾಗಿನ ಒಂದು ವಸಂತದ ಕೊನೆಯ ಲ್ಯಾಬ್! ಆಸಿಡ್ಡು, ಆಲ್ಕೋಹಾಲು ಸೇರಿಸಿ ಕಾಯಿಸಿ ಬಾಳೆಹಣ್ಣಿನ ವಾಸನೆಯ ಎಣ್ಣೆ ತೆಗೆಯಬೇಕಿತ್ತು. ಎಷ್ಟು ಎಣ್ಣೆಯೋ ಅಷ್ಟು ಗ್ರೇಡು. ಪಕ್ಕದ ಮೇಜಿನ ಎಮೆಟ್ ಎಣ್ಣೆ ತುಂಬಿದ ತನ್ನ ಗಾಜಿನ ಫ್ಲಾಸ್ಕಿಗೆ ಅಜ್ಜಿಯ ಹೆಸರಿಟ್ಟು, ಅಪಸ್ವರದಲ್ಲಿ ಜೋಗುಳ ಹಾಡುತ್ತಿದ್ದ. ಹಾಡುತ್ತಲೇ ಮೊಣಕೈ ತಗುಲಿಸಿ ಅದನ್ನೇ ಕೆಡವಿದ.

"ಅಜ್ಜಿ ಹೋದ್ಲು ಕಣೇ," ಅಂದ. ನಗಲು ನೋಡಿದ, ಆಗಲಿಲ್ಲ. "ಇದ್ರಲ್ಲಿ ಫೇಲಾದ್ರೆ ಡಾಕ್ಟರಾಗೋದು ಕನಸೇ."

ಮೇಷ್ಟ್ರು ಅತ್ತ ತಿರುಗಿದ್ದರು. ಕೊರಿನ್ ತನ್ನ ಎಣ್ಣೆಯಲ್ಲಿ ಅರ್ಧವನ್ನು ಅವನ ಸೀಸೆಗೆ ಸುರಿದಳು. "ಬಾಯ್ಮುಚ್ಕೊಂಡು ತೂಕಕ್ಕಿಡು, ಕೋತಿ." ಇಬ್ಬರಿಗೂ ಬಿ ಬಂತು. ಅವತ್ತು ಊಟದ ಹಾಲ್‌ಗೆ ಹೋದರೆ ಗೆಳೆಯರು ಇಬ್ಬರ ಅಂಗಿ ಮೂಸಿ "ಮಂಗಗಳು ಬಂದ್ವು!" ಎಂದು ಕೂಗಿದ್ದು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದು... ಎಂಥ ದಿನಗಳು ಅವು!

"ಕೈ ಜಾರಿತು ಸರ್," ಅಂದಳು ಕೊರಿನ್. ನಿಜ ಹೇಳಿದರೆ ಇಬ್ಬರ ಸೀಟೂ ಹೋಗುತ್ತಿತ್ತು.

"ಸರ್ಜನ್ ಆಗ್ಬೇಕು ಅಂತೀಯ. ಕೈ ಜಾರೋದು ಒಳ್ಳೇದಲ್ಲಮ್ಮ," ಎಂದು ಅವರು ಕನ್ನಡಕ ತೆಗೆದಿಟ್ಟರು.

ಹೊರಗೆ ಎಮೆಟ್ ಟೈ ಸರಿಮಾಡಿಕೊಳ್ಳುತ್ತ ನಿಂತಿದ್ದ. ಮುಂದಿನ ಸರದಿ ಅವನದೇ.

"ಏನ್ ಕೇಳಿದ್ರೇ?"

"ಬಾಳೆಹಣ್ಣು."

ಅವನು ಟೈ ಬಿಟ್ಟು ಅವಳತ್ತ ತಿರುಗಿದ. "ನೀನೇನಂದೆ?"

"ಕೈ ಜಾರ್ತು ಅಂದೆ."

"ಜಾರಿದ್ದು ನಂದಲ್ವೇನೇ!"

"ಹೋಗೋ, ಕರೀತಿದಾರೆ."

ಅವನ ಹಿಂದೆ ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಹಾಲ್ವರ್ಸನ್ ಅವರ ದನಿ ಈಗ ಗೆಲುವಾಗಿತ್ತು: "ಬಾಪ್ಪಾ, ಬಾ! ಮೊದಲ್ನೇ ವರ್ಷ ಕೆಮಿಸ್ಟ್ರಿಲಿ ಸಿ ತಗೊಂಡೋನು ಲ್ಯಾಬ್‌ನಲ್ಲಿ ಬಿ ಗ್ರೇಡಿಗೆ ಏರಿದೀಯಲ್ಲ, ಭೇಷ್! ಅದು ಹೇಗೆ ಸಾಧಿಸ್ದೆ, ಹೇಳು?"

ಒಳಗೆ ಎಮೆಟ್ ಕುರ್ಚಿ ಎಳೆದುಕೊಂಡ ಸದ್ದಾಯಿತು. ಹೊರಗೆ ಕೊರಿನ್ ಬಾಗಿಲ ಸಂದಿಗೆ ಕಿವಿಗೊಟ್ಟು ನಿಂತಿದ್ದಳು. ಎಮೆಟ್‌ನ ಜಾಗದಲ್ಲಿ ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?