ಇಂಜಿನಿಯರನ ಬಾಯಾರಿಕೆ

ಈ ಮನುಷ್ಯನ ಮುಂದೆ ಮತ್ತೆಲ್ಲಿ ನಕ್ಕುಬಿಡುತ್ತೇನೋ ಎಂಬುದೇ ಸುಚಿತಾಳ ಭಯ. ಅಪರಿಚಿತರು ಮಾತಾಡಿಸಿದರೆ ಸಾಕು, ಸಿಟ್ಟು ಬಂದಾಗಲೂ ಅವಳ ಮುಖ ತಾನಾಗಿ ನಗುತ್ತಿತ್ತು. ಕುಮಟೆಯ ಸಭೆಯಲ್ಲೂ ಹಾಗೇ ಆಗಿತ್ತು. "ಎಣ್ಣೆ ಪೈಪು ನಿಮ್ಮ ಬಾವಿಗಳ ಮೇಲಿನ ಗುಡ್ಡದಲ್ಲಿ ಹೋಗುತ್ತೆ, ಒಂದು ಹನಿಯೂ ಸೋರಲ್ಲ" ಎಂದು ಇದೇ ಇಂಜಿನಿಯರ್ ಹೇಳಿದಾಗ ಅವಳು ನಕ್ಕಿದ್ದಳು. ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ ಓದಿದವಳೇ ಒಪ್ಪಿದಳೆಂದು ಅವನು ಕೈಮುಗಿದಿದ್ದ. ಪೈಪು ಬರುವ ಮೊದಲೇ ಕಂಪನಿಯವರ ಯಂತ್ರದ ಡೀಸೆಲ್ಲು ಹಳ್ಳಕ್ಕಿಳಿದು ಕೆಳಗಿನ ಬಾವಿ ಹಾಳಾಯಿತು.

ಈಗ ಅವನು ಗುಡ್ಡದಲ್ಲಿ ಗೂಟ ಹೊಡೆಸಿ ಬಂದು, ಬೆವರೊರೆಸುತ್ತ ಸುಚಿತಾಳ ಮನೆಯ ಜಗಲಿಯಲ್ಲೇ ಕೂತಿದ್ದ. "ತಂಗೀ, ಕುಡಿಯೋಕೆ ನೀರು ಸಿಗುತ್ತಾ?"

ಹಾಲಕ್ಕಿ ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ, ನೀರು. ಸುಚಿತಾಳ ಅವ್ವಿ ಕಮಲಿ ಆಗಲೇ ಚೊಂಬು ಹಿಡಿದು ಹೊರಬಂದಿದ್ದಳು.

"ಕೆಳಗಿನ ಬಾವಿದು ಕೊಡೇ ಕಮಲೀ! ಅವ್ರದೇ ಎಣ್ಣೆ, ಅವ್ರೇ ಕುಡೀಲಿ," ಬೇಲಿಯಾಚೆಯಿಂದ ಗಂಗಜ್ಜಿ ಕೂಗಿದಳು.

"ಸುಮ್ನಿರಜ್ಜಿ. ಮನೆಗೆ ಬಂದವ್ರಿಗೆ ಹಾಂಗೆ ಮಾಡೂಕಾಗ್ತದಾ?" ಎಂದಳು ಕಮಲಿ.

ಸುಚಿತಾ ಅವ್ವಿಯ ಕೈಯಿಂದ ಚೊಂಬು ತೆಗೆದುಕೊಂಡಳು. ಇಂಜಿನಿಯರ್ ಕೈ ಚಾಚಿದ. ಅವಳು ಅವನನ್ನು ದಾಟಿ ಅಂಗಳಕ್ಕಿಳಿದು, ಅಬ್ಬಲಿಗೆ ಗಿಡದ ಬುಡಕ್ಕೆ ಅಷ್ಟೂ ನೀರನ್ನು ನಿಧಾನವಾಗಿ, ಅವನಿಗೆ ಸದ್ದು ಕೇಳುವ ಹಾಗೆ ಹೊಯ್ದಳು. ಅವನು ಒಣತುಟಿ ಸವರಿಕೊಂಡ.

"ಎಂತ ಮಾಡ್ತೆ ಮಗಾ!" ಅವ್ವಿ ಗಾಬರಿಯಾಗಿ ಅವನತ್ತ ತಿರುಗಿದಳು. "ನೀರು ಖಾಲಿ ಆತು ಸಾಹೇಬ್ರೆ, ಬೇಜಾರು ಮಾಡ್ಕಬೇಡಿ."

"ಖಾಲಿ ಆಗ್ಲಿಲ್ಲ," ಎಂದಳು ಸುಚಿತಾ. "ಮೇಲಿನ ಬಾವಿ ತುಂಬ ನೀರಿದೆ. ನಿಮಗೆ ಕೊಡೂದಿಲ್ಲ."