ಹೊಡೆದುಹಾಕಿದ ಸಾಲು

ಸಾರಗೋಸಾ ನಗರದಲ್ಲಿ ದಂಗೆಯೆದ್ದ ಸೈನ್ಯದ ಘೋಷಣಾಪತ್ರವನ್ನು ಕಾರ್ಯದರ್ಶಿ ಫರ್ಮಿನ್ ಓದತೊಡಗಿದಾಗ, ಪ್ರಧಾನಿ ಜನರಲ್ ಎಲಿಸಾಲ್ದೆ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಎರಡನೇ ಸಾಲಿನಿಂದ ಅವರ ತುಟಿಗಳೂ ಜೊತೆಗೂಡಿದವು.

"ನಿಮಗೆ ಬಾಯಿಪಾಠ ಬರುತ್ತಲ್ಲ, ಸಾಹೇಬ್ರೇ!"

"ನಂದೇ ಕಣಯ್ಯಾ. ಹನ್ನೊಂದು ವರ್ಷದ ಹಿಂದೆ ನಾನು ದಂಗೆ ಎದ್ದಾಗ ಬರೆದಿದ್ದು. ಸೋಮಾರಿಗಳು, ಒಂದು ಪದಾನೂ ಬದಲಾಯಿಸಿಲ್ಲ. ಕೆಳಗೆ ಸಹಿ ಇದ್ದ ಜಾಗದಿಂದ ನನ್ನ ಹೆಸರು ಕಿತ್ತು, ಮೇಲೆ 'ದೇಶದ್ರೋಹಿ' ಅನ್ನೋದರ ಪಕ್ಕ ಹಾಕಿದ್ದಾರೆ, ಅಷ್ಟೆ."

ಫರ್ಮಿನ್ ದನಿ ತಗ್ಗಿಸಿದ. "ನಮ್ಮ ಕಾವಲುಪಡೇನೂ ಅವರ ಕಡೆ ಹೋಯ್ತು. ಫ್ರಾನ್ಸಿಗೆ ಹೋಗೋಕಾದ್ರೂ ಬಿಡ್ತಾರೇನೋ."

ಜನರಲ್ ಕಾಗದ ಇಸಿದುಕೊಂಡು, ಕೊನೆಯ ಎರಡು ಸಾಲುಗಳ ನಡುವೆ ಬೆರಳಿಟ್ಟರು. "ದ್ರೋಹಿ ಜೀವಸಹಿತ ಗಡಿ ದಾಟಬಹುದು ಅಂತ ಇಲ್ಲೊಂದು ಸಾಲಿತ್ತು. ಅಚ್ಚಿಗೆ ಕೊಡೋ ಮುಂಚೆ ನಾನೇ ಹೊಡೆದುಹಾಕಿದ್ದೆ."