ಏಳು ಹೆಸರಿನ ತೋಳು

“ಸಿರಾ ಪೇಟೆಯಲ್ಲಿ ಮೈಲಿ ಹಾಕಿಸಿಕೊಳ್ಳದ ಹೆಂಗಸು ಒಬ್ಬಳೂ ಉಳಿದಿಲ್ಲ. ಪಟ್ಟಿ ನೀನೇ ನೋಡಮ್ಮ. ಅಮಲ್ದಾರರೇ ರುಜು ಹಾಕಿದಾರೆ,” ಎಂದು ಮಹಾಲಿಂಗಯ್ಯ ನರ್ಸ್ ಗಂಗರತ್ನಮ್ಮನ ಅರ್ಜಿಯನ್ನು ಅವಳ ಕಡೆಗೇ ಸರಿಸಿದ.

ಊರ ಆರೋಗ್ಯ ಸಮಿತಿಗೆ ಅವನು ಅಧ್ಯಕ್ಷ. ಮಧ್ಯಾಹ್ನ ಸಮಿತಿಯ ಸಭೆ. ಅರ್ಜಿ ಅಲ್ಲಿ ಬಿದ್ದುಹೋಗುತ್ತದೆಂದು ಗೊತ್ತಿದ್ದೇ ಗಂಗರತ್ನಮ್ಮ ಬೆಳಿಗ್ಗೆಯೇ ಅವನ ಮನೆಯ ಪಡಸಾಲೆ ಹಿಡಿದಿದ್ದಳು. ಅವಳು ಕೇಳಿದ್ದು ದೊಡ್ಡದೇನಲ್ಲ. ಪರಗಂಡಸರ ಎದುರು ಬಾರದ ಹೆಂಗಸರಿಗೆ ಮೈಲಿ, ಅಂದರೆ ಸಿಡುಬಿನ ಲಸಿಕೆ, ಹಾಕಲು ಇಬ್ಬರು ಹೆಂಗಸರನ್ನೇ ನೇಮಿಸಬೇಕು, ಅಷ್ಟೆ. ಮೂರು ವರ್ಷದಿಂದ ಇದೇ ರಾಗ. ಅವಳು ಬರುವುದು ಕಂಡರೆ ಸಮಿತಿಯವರು ಕೊಡೆ ಹುಡುಕಿಕೊಂಡು ಏಳುತ್ತಿದ್ದರು. ಆದರೆ ಈ ಸಲ ಬರಗೂರಿನಲ್ಲಿ ಸಿಡುಬು ಎದ್ದು ಮೂರು ಜನ ತೀರಿಕೊಂಡಿದ್ದರು, ಬರಗೂರಿನ ಗಾಡಿಗಳು ವಾರ ವಾರವೂ ಸಿರಾ ಸಂತೆಗೆ ಬರುತ್ತವೆ.

“ಪಟ್ಟಿಯಲ್ಲಿ ಬಾಷಾ ಸಾಬರ ಮನೆಯ ಏಳು ಹೆಂಗಸರಿದಾರೆ ಸ್ವಾಮಿ.”

“ಹೌದು, ಏಳು ಜನಕ್ಕೂ ಆಗಿದೆ.”

“ಆ ಏಳು ಜನರನ್ನೂ ಕರಕೊಂಡು ಬಂದಿದೀನಿ,” ಎಂದು ಅವಳು ಬಾಗಿಲ ಕಡೆ ತಿರುಗಿ ಕರೆದಳು. ಬುರ್ಖಾ ತೊಟ್ಟ ಮುದುಕಿಯೊಬ್ಬಳು ಒಳಗೆ ಬಂದಳು. ಅವಳ ಹಿಂದೆ ಇನ್ನಾರೂ ಬರಲಿಲ್ಲ.

ಅವಳು ಬಾಷಾ ಸಾಬರ ತಾಯಿ ಅಮೀರ್ ಬಿ. ಅರವತ್ತು ದಾಟಿದ್ದ ಅವಳು ಪರಗಂಡಸಿನ ಮುಂದೆ ನಿಂತದ್ದು ಇದೇ ಮೊದಲು. ತಾನಾಗಿಯೇ ಬುರ್ಖಾದ ಎರಡೂ ತೋಳು ಮೇಲೇರಿಸಿದಳು. ಬಲಗೈಯಲ್ಲಿ ನಾಲ್ಕು, ಎಡಗೈಯಲ್ಲಿ ಮೂರು, ಕಾಸಿನಗಲದ ಕಲೆಗಳು.

“ಹೋದ ವರ್ಷ ಮೈಲಿ ಹಾಕೋನು ಬಂದಿದ್ದ, ಸಾಬ್. ಪರದೆಗೆ ಅಂಗೈಯಗಲ ಕಿಂಡಿ ಮಾಡಿದ್ವಿ. ಸೊಸೇರ ಮೈ ಅವನ್ಯಾಕೆ ಮುಟ್ಬೇಕು ಅಂತ ಏಳು ಸಲವೂ ನಾನೇ ಕೂತೆ. ಒಂದ್ಸಲ ಭುಜ ಇಟ್ಟೆ, ಒಂದ್ಸಲ ಮೊಣಕೈ ಇಟ್ಟೆ. ಅವನು ಹೆಸರು ಕೂಗ್ದ, ನಾನು ಹ್ಞೂಂ ಅಂದೆ. ಮನೆ ಇಜ್ಜತ್ ಉಳಿಸ್ದೆ ಅಂದ್ಕೊಂಡೆ.” ಕಲೆಗಳ ಮೇಲೆ ಕೈಯಾಡಿಸಿ ಮತ್ತೆ ಹೇಳಿದಳು. “ಹೋದ ತಿಂಗಳು ಕಿರಿ ಸೊಸೆ ಶರ್ಫುನ್ನೀಸಾಗೆ ಸಿಡುಬು ಎದ್ದು ಎಡಗಣ್ಣು ಹೋಯ್ತು. ಇದ್ರಾಗೆ ಒಂದು ಅವಳ್ದು ಸಾಬ್. ನಾನು ಇಸ್ಕೊಂಡ್ಬುಟ್ಟೆ.”

ಇದನ್ನೇ ಮಧ್ಯಾಹ್ನ ಸಭೆಯಲ್ಲೂ ಹೇಳುತ್ತೇನೆಂದು ಅವಳು ಗಂಗರತ್ನಮ್ಮನಿಗೆ ಮಾತು ಕೊಟ್ಟಿದ್ದಳು. ಹತ್ತು ಗಂಡಸರ ಮುಂದೆ ತನ್ನ ತಪ್ಪನ್ನು ತಾನೇ ಹೊತ್ತು ನಿಲ್ಲುವ ಎದೆಗಾರಿಕೆ ದೊಡ್ಡ ಪೇಟ ಸುತ್ತಿದವರಲ್ಲೂ ಅಪರೂಪ.

ಮಹಾಲಿಂಗಯ್ಯ ಕೆಟ್ಟವನಲ್ಲ, ಅವನ ಕಣ್ಣೂ ಒದ್ದೆಯಾಯಿತು. ಆದರೆ ಅಧ್ಯಕ್ಷಗಿರಿ ಅಷ್ಟು ಬೇಗ ಕರಗುವುದಿಲ್ಲ. “ಪಾಪ. ಆದರೆ ಅದು ಗೋಷಾದವರ ಮನೆ ಮಾತಮ್ಮ. ಅವರಿಗೋಸ್ಕರ ಊರಿಗೆಲ್ಲ ಹೊಸ ನಿಯಮ ಮಾಡೋಕಾಗುತ್ತಾ? ನಮ್ಮನೇನೇ ನೋಡು. ಹೆಂಡತಿ, ತಂಗಿ, ಇಬ್ಬರು ಸೊಸೆಯರು, ಮಗಳು. ಬಾಗಿಲ ಸಂದಿಯಿಂದ ಕೈ ಚಾಚಿದರು, ಐದು ಜನಕ್ಕೂ ಆಯ್ತು.”

“ತಾವು ಕಣ್ಣಾರೆ ಕಂಡ್ರಾ ಸ್ವಾಮಿ?”

“ನಾನ್ಯಾಕೆ ಅಲ್ಲಿ ನಿಂತ್ಕೊಳ್ಳಲಿ? ಈಗಲೇ ನೋಡು ಬೇಕಾದರೆ,” ಎಂದು ಒಳಬಾಗಿಲಿಗೆ ತಿರುಗಿ ಹೆಂಡತಿಯನ್ನು ಕೂಗಿದ. “ಕರಿಬಸಮ್ಮ, ಮೈಲಿ ಹಾಕಿಸ್ಕೊಂಡ ಕೈಗಳನ್ನ ನರ್ಸಮ್ಮನಿಗೆ ಒಂಚೂರು ತೋರ್ಸಿ.”

ಅಡುಗೆಮನೆಯಲ್ಲಿ ಮಾತು ನಿಂತಿತು. ಎರಡನೆಯ ಸಲ ಕೂಗಿದ ಮೇಲೆ ಕರಿಬಸಮ್ಮ ತಲೆ ತಗ್ಗಿಸಿಕೊಂಡು ಹೊಸಿಲಿಗೆ ಬಂದಳು. ತಾನು ಅಲ್ಲೇ ನಿಂತು, ಮನೆಗೆಲಸದ ಕೆಂಚಮ್ಮನನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟಳು.

ಕೆಂಚಮ್ಮನ ಕೈಯಲ್ಲಿ ಇನ್ನೂ ರಾಗಿಹಿಟ್ಟು ಮೆತ್ತಿತ್ತು. ಸೆರಗು ಸರಿಸಿ ಎರಡೂ ತೋಳು ಚಾಚಿ, ಯಜಮಾನರು ಕೇಳುತ್ತಿದ್ದಾರಲ್ಲ ಎಂದು ಒಂದೊಂದನ್ನೇ ಮುಟ್ಟಿ ತೋರಿಸಿದಳು. “ಇದು ಅಮ್ಮಾವ್ರದು ಬುದ್ದಿ. ಇವೆಲ್ಡು ಸೊಸೆಯವ್ವಾರ್ದು. ಇದು ಪುಟ್ಟವ್ವಂದು. ಇಂಗ್ ಹಿಂದ್ಗಡೆ ಇರೋದು ನಿಮ್ ತಂಗ್ಯವ್ವಾರ್ದು.”

ಅಮೀರ್ ಬಿ ಆ ತೋಳನ್ನೇ ನೋಡುತ್ತ ನಿಂತಳು. ಗಂಗರತ್ನಮ್ಮ ಗೆದ್ದೆನೆಂದು ನಗಲಿಲ್ಲ. ಅರ್ಜಿಯನ್ನು ಮತ್ತೆ ಅವನ ಕಡೆಗೆ ಸರಿಸಿದಳು. ಮೂರು ವರ್ಷ ಬಾಯಿ ನೋಯುವಷ್ಟು ಮಾತಾಡಿದವಳಿಗೆ ಎಲ್ಲಿ ಸುಮ್ಮನಿರಬೇಕೆಂದು ಚೆನ್ನಾಗಿ ಗೊತ್ತಿತ್ತು.

ಮಹಾಲಿಂಗಯ್ಯ ಲೇಖಣಿಯನ್ನು ಮಸಿಗೆ ಅದ್ದಿ, ಅರ್ಜಿಯ ಅಂಚಿನಲ್ಲಿ ‘ಇಬ್ಬರನ್ನು ನೇಮಿಸತಕ್ಕದ್ದು’ ಎಂದು ಬರೆದು ರುಜು ಹಾಕಿದ. ಆಮೇಲೆ, ಹೇಗಾದರೂ ಮಾಡಿ ತಲೆ ಎತ್ತಬೇಕಲ್ಲ, ಕೆಂಚಮ್ಮನನ್ನು ಕೇಳಿದ.

“ನಿಂದ್ಯಾವುದೇ ಇದರಲ್ಲಿ?”

“ನಂಗಿನ್ನೂ ಹಾಕಿಲ್ಲ ಬುದ್ದಿ,” ಎಂದಳು ಕೆಂಚಮ್ಮ. “ನನ್ ಹೆಸ್ರು ಪಟ್ಟೀಲಿಲ್ವಂತೆ.”